ಸೂಜಿ ಹಿಡಿಯದ ಕೈಗೆ ಸೊರ

ಬೆಳಗಿನ ಐದು ಗಂಟೆ. ಭದ್ರಾವತಿಯ ಕಾಗದನಗರದ ಅಂಚಿನಲ್ಲಿರುವ ತಗಡಿನ ಕೊಟ್ಟಿಗೆಯೊಳಗೆ ಹನ್ನೊಂದು ಎಮ್ಮೆಗಳು ಒಟ್ಟಿಗೇ ಕಿವಿ ತಿರುಗಿಸುತ್ತವೆ. ದಾರಿಯಲ್ಲಿ ಇನ್ನೂ ಯಾರೂ ಕಾಣುತ್ತಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಗೇಟಿನ ಸರಪಳಿ ಸದ್ದು ಮಾಡುತ್ತದೆ, ಐವತ್ತೆಂಟರ ಹುಚ್ಚಮ್ಮ ಒಳಗೆ ಬರುತ್ತಾರೆ. ಬಂದವರು ಬಕೆಟ್ಟಿಗೆ ಕೈ ಹಾಕುವುದಿಲ್ಲ. ಒಂದೊಂದು ಎಮ್ಮೆಯ ಮೂತಿಯ ಮುಂದೆಯೂ ಅಂಗೈ ಚಾಚಿ ನಿಲ್ಲುತ್ತಾರೆ. ಅದು ಮೂಸಿ, ಬಿಸಿಯುಸಿರು ಬಿಟ್ಟ ಮೇಲೆಯೇ ಮುಂದಿನದರ ಹತ್ತಿರ ಹೋಗುವುದು.

“ದಿನಾ ಬರೋಳು ಇವಳೇ ಅಂತ ಅದಕ್ಕೆ ಖಾತ್ರಿ ಆಗ್ಬೇಕಲ್ಲ. ಮನುಷ್ಯರು ಮುಖ ನೋಡಿ ಮೋಸ ಹೋಗ್ತಾರೆ. ಎಮ್ಮೆ ಹೋಗಲ್ಲ” ಎನ್ನುತ್ತಾರೆ.

ಹಾಲು ಕರೆಯುವುದಕ್ಕೆಂದೇ ಅವರ ಬಳಿ ಒಂದು ಸೀರೆಯಿದೆ. ಅದಕ್ಕೆ ಸೋಪು ತಾಗಿಸುವುದಿಲ್ಲ, ಬರೀ ನೀರಿನಲ್ಲಿ ಜಾಲಿಸಿ ಹರವುತ್ತಾರೆ. ಒಮ್ಮೆ ನ್ಯೂ ಟೌನಿನಲ್ಲಿ ತಂಗಿಯ ಮಗಳ ಮದುವೆ ಮುಗಿಸಿ, ಮೈಗೆ ಸೆಂಟು ಹೊಡೆದುಕೊಂಡೇ ಕೊಟ್ಟಿಗೆಗೆ ಬಂದುಬಿಟ್ಟಿದ್ದರಂತೆ. “ಒಂದೇ ಒಂದು ಸೊರ ಬಿಡ್ಲಿಲ್ಲ. ಯಾವಳೋ ನೆಂಟಳು ಬಂದವ್ಳೆ ಅಂದ್ಕಂಡ್ವು. ತೊಟ್ಟಿ ನೀರಲ್ಲಿ ಮೈ ತೊಳ್ಕಂಡು ಬಂದ್ಮೇಲೆ ಒಪ್ಕಂಡ್ವು, ಮಾರಾಯ್ರೆ!”

ಸೊರ ಎಂಬ ಮಾತು ಹಾಲಿನ ಪ್ಯಾಕೆಟ್ ಕತ್ತರಿಸುವವರಿಗೆ ಮರೆತೇಹೋಗಿದೆ. ಕೆಚ್ಚಲು ತುಂಬಿದ ಮಾತ್ರಕ್ಕೆ ಹಾಲು ಬರುವುದಿಲ್ಲ. ತಾಯಿ ಮನಸ್ಸು ಮಾಡಿ ಅದನ್ನು ಮೊಲೆಗೆ ಇಳಿಸಬೇಕು. ಹಾಗೆ ಇಳಿಸುವುದೇ ಸೊರ ಬಿಡುವುದು. ಶಿವಮೊಗ್ಗದ ಪಶುವೈದ್ಯೆ ಕವನಾ ಅದನ್ನೇ ತಮ್ಮ ಭಾಷೆಯಲ್ಲಿ ವಿವರಿಸುತ್ತಾರೆ: “ಕರು ಮೂತಿಯಲ್ಲಿ ಗುಮ್ಮಿದಾಗ, ಗೊತ್ತಿರೋ ಕೈ ತಾಗಿದಾಗ, ಗೊತ್ತಿರೋ ವಾಸನೆ ಬಂದಾಗ ಮಿದುಳಿಂದ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ರಕ್ತಕ್ಕೆ ಸೇರುತ್ತೆ. ಅದು ಕೆಚ್ಚಲನ್ನ ಹಿಂಡಿ ಹಾಲಿಳಿಸುತ್ತೆ. ಹೆದರಿಕೆ ಆದ್ರೆ ಬೇರೆ ಹಾರ್ಮೋನ್ ಬಂದು ದಾರಿ ಕಟ್ಟುತ್ತೆ. ಹುಚ್ಚಮ್ಮನಿಗೆ ಈ ಹೆಸರೆಲ್ಲ ಗೊತ್ತಿಲ್ಲ. ಕೆಲಸ ಮಾತ್ರ ನನಗಿಂತ ಚೆನ್ನಾಗಿ ಗೊತ್ತು.”

ಗೊತ್ತಿದ್ದು ಏನು ಬಂತು? ಮೂರು ತಿಂಗಳ ಹಿಂದೆ ಹಿಂಡಿ ಮಾರಲು ಬಂದವನೊಬ್ಬ ಲೇಬಲ್ಲಿಲ್ಲದ ಬಾಟಲಿಯೊಂದನ್ನು ಕೊಟ್ಟಿಗೆಯ ಯಜಮಾನ ವಿಜಯೇಂದ್ರನ ಕೈಗಿಟ್ಟು ಹೋದ. ಅದೇ ಹಾರ್ಮೋನು. ಚುಚ್ಚಿದರೆ ಎರಡು ನಿಮಿಷದಲ್ಲಿ ಹಾಲು. ಕರು ಬೇಡ, ಅಂಗೈ ಬೇಡ, ಕಾಯುವುದು ಬೇಡ. ಹಾಲು ಹೆಚ್ಚಿಸಲೆಂದು ಹೀಗೆ ಚುಚ್ಚುವುದು ಅಪರಾಧ ಎಂದು ಕಾನೂನಿದೆ. ಕಾನೂನು ಪುಸ್ತಕದಲ್ಲಿದೆ, ಬಾಟಲಿ ಕೊಟ್ಟಿಗೆಯಲ್ಲಿದೆ. ಆರೂಮುಕ್ಕಾಲಕ್ಕೆ ಶಿವಮೊಗ್ಗದ ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಅಲ್ಲಿನ ಹೊಸಮನೆ ಬಡಾವಣೆಯ ಅಡುಗೆಮನೆಗಳಲ್ಲಿ ಕಾಫಿಗೆ ನೀರು ಕುದಿಯುತ್ತಿರುತ್ತದೆ. ಈ ಹಾಲು ಹೇಗೆ ಇಳಿಯಿತೆಂದು ಅಲ್ಲಿ ಒಬ್ಬರೂ ಕೇಳಿದವರಿಲ್ಲ.

ವಿಜಯೇಂದ್ರ ಸೂಜಿ ಹಿಡಿದ ಮೇಲೆ ಮೂರು ಎಮ್ಮೆಗಳು ಅದಿಲ್ಲದೆ ಹಾಲಿಳಿಸುವುದನ್ನೇ ಬಿಟ್ಟವು. ಸಿರಿಂಜು ಕಂಡರೆ ಗೊಂತು ಕಿತ್ತುಹೋಗುವಂತೆ ಜಗ್ಗುತ್ತವೆ. ಒಂದರ ಕೋಣಗರು ಹಾಲಿಲ್ಲದೆ ಹನ್ನೆರಡನೆಯ ದಿನಕ್ಕೆ ಸತ್ತಿತು. ಗಂಡುಕರು ತಾನೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹುಚ್ಚಮ್ಮ ಆವತ್ತು ಊಟ ಮಾಡಲಿಲ್ಲ. “ಮೂರು ಮೊಲೆ ಬಕೆಟ್ಟಿಗೆ, ಒಂದು ಮೊಲೆ ಕರುಗೆ. ನಮ್ಮವ್ವ ಹೇಳ್ಕೊಟ್ಟ ಲೆಕ್ಕ ಇಷ್ಟೇ. ಆ ಒಂದನ್ನೂ ಕಿತ್ಕಂಡ್ರೆ ನಾವು ಕರೆಯೋರಲ್ಲ, ಕಳ್ಳರು.”

ಗಂಡ ಪುಟ್ಟಯ್ಯ ಲೋಡಿಂಗ್ ಕೂಲಿಯಾಗಿದ್ದವರು; ಸೊಂಟ ಬಿದ್ದು ಮನೆ ಹಿಡಿದು ಹದಿನಾಲ್ಕು ವರ್ಷ. ಅಲ್ಲಿಂದ ಈಚೆಗೆ ಮನೆ ನಡೆದಿರುವುದು ಈ ಹತ್ತು ಬೆರಳುಗಳಿಂದ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಹನ್ನೊಂದು ಎಮ್ಮೆ, ಎಮ್ಮೆಗೆ ಎಂಟು ನಿಮಿಷ. ಎರಡೂ ಹೆಬ್ಬೆರಳಿನ ಗೆಣ್ಣುಗಳು ಅಡಿಕೆಯಷ್ಟು ಊದಿವೆ. ಹೋದ ವರ್ಷ ವಿಜಯೇಂದ್ರನಿಗೆ ಉತ್ತಮ ಹೈನುಗಾರನೆಂದು ಶಾಲು ಹೊದಿಸಿದರು. ಆವತ್ತಿನ ಫೋಟೋದಲ್ಲಿ ಅವನಿದ್ದಾನೆ, ಎಮ್ಮೆಯಿದೆ. ಎಮ್ಮೆಯ ಹಗ್ಗ ಹಿಡಿದ ಹುಚ್ಚಮ್ಮನ ಮೊಣಕೈ ಮಾತ್ರ ಅಂಚಿನಲ್ಲಿ ಉಳಿದಿದೆ.

ಅದೇ ವಿಜಯೇಂದ್ರ ಹತ್ತು ದಿನದ ಹಿಂದೆ ಸಿರಿಂಜನ್ನು ಅವರ ಮುಂದೆ ಹಿಡಿದ. “ನೋಡು ಮಾರಾಯ್ತಿ, ನಾಳೆಯಿಂದ ನೀನೇ ಚುಚ್ಚಿ ಕರೀಬೇಕು. ಆಗಲ್ಲ ಅಂದ್ರೆ ಬರೋದು ಬೇಡ. ಚುಚ್ಚೋರು ಬೇಕಾದಷ್ಟು ಜನ ಸಿಗ್ತಾರೆ.”

“ಚುಚ್ಚೋರು ಸಿಗ್ತಾರಪ್ಪ, ಕರೆಯೋರು ಸಿಗಲ್ಲ” ಎಂದರು ಹುಚ್ಚಮ್ಮ. “ಹತ್ತು ದಿನ ಕೊಡಿ. ಮೂರರಲ್ಲಿ ಒಂದನ್ನ ನನಗೆ ಬಿಡಿ. ಸೂಜಿ ಇಲ್ದೆ ಸೊರ ಬಿಡ್ಲಿಲ್ಲ ಅಂದ್ರೆ ನಾನೇ ಹೋಗ್ತೀನಿ.”

ಆರಿಸಿಕೊಂಡದ್ದು ಮಂಗಳಿಯನ್ನು. ಅದರ ಕರುವೂ ಗಂಡು. ಕೊಟ್ಟಿಗೆಯ ಹಿಂದೆ ಕಟ್ಟಿ, ಗಂಜಿ ಕುಡಿಸಿ ಇಟ್ಟಿದ್ದರು, ಪಕ್ಕೆಲುಬು ಎಣಿಸಬಹುದಿತ್ತು. ಹುಚ್ಚಮ್ಮ ಅದನ್ನು ತಂದು ತಾಯಿಯ ಮೂತಿಯ ಹತ್ತಿರ ಕಟ್ಟಿದರು. ಮೊದಲ ನಾಲ್ಕು ದಿನ ಮಂಗಳಿ ಕರುವನ್ನು ನೆಕ್ಕಿತು, ಹಾಲು ಬಿಡಲಿಲ್ಲ. ಐದನೆಯ ದಿನ ಒದ್ದಿತು. ಏಳನೆಯ ದಿನ ಸೇರಿನಷ್ಟು ಇಳಿಸಿ ಮತ್ತೆ ಬಿಗಿಹಿಡಿಯಿತು. “ಏನು ಹುಚ್ಚಮ್ಮ, ಹೆಸರಿಗೆ ತಕ್ಕ ಹಾಗೇ ಆಯ್ತಲ್ಲ” ಎಂದು ವಿಜಯೇಂದ್ರ ನಕ್ಕ. ಅವರು ತಿರುಗಿ ನೋಡಲಿಲ್ಲ.

ಇವತ್ತು ಹತ್ತನೆಯ ದಿನ. ಕರುವಿನ ಕೊರಳ ಹಗ್ಗ ಬಿಚ್ಚುತ್ತಾರೆ. ಅದು ನಡುಗುವ ಕಾಲಲ್ಲಿ ಓಡಿ ಕೆಚ್ಚಲಿಗೆ ಗುಮ್ಮುತ್ತದೆ, ಒಮ್ಮೆ, ಎರಡು ಸಲ, ಮೂರನೆಯ ಸಲ. ಹುಚ್ಚಮ್ಮ ಹಣೆಯನ್ನು ಎಮ್ಮೆಯ ಪಕ್ಕೆಗೆ ಒರಗಿಸಿ, ಬೆಚ್ಚನೆಯ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೊಲೆ ಒರೆಸುತ್ತ “ಬಾರೇ, ಬಿಡೇ ನನ್ನವ್ವ” ಎನ್ನುತ್ತಾರೆ. ಎರಡು ನಿಮಿಷ. ನಾಲ್ಕು. ಬಾಗಿಲಲ್ಲಿ ವಿಜಯೇಂದ್ರ ಗಡಿಯಾರ ನೋಡುತ್ತಾನೆ. ಆಗ ಮಂಗಳಿಯ ಮೆಲುಕು ಶುರುವಾಗುತ್ತದೆ, ಬಾಲ ಸಡಿಲವಾಗುತ್ತದೆ, ಜೋಲುಬಿದ್ದ ಮೊಲೆಗಳು ಬೆರಳಿನ ಹಾಗೆ ತುಂಬಿಕೊಳ್ಳುತ್ತವೆ. ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಬಡಿದು ಗಣಗುಟ್ಟುತ್ತದೆ.

ವಿಜಯೇಂದ್ರ ಹಾಲು ಅಳೆಯುತ್ತಾನೆ. “ಸೂಜಿ ಕೊಟ್ಟಾಗಿನಕ್ಕಿಂತ ಅರ್ಧ ಲೀಟರ್ ಕಡಿಮೆ.”

“ಆ ಅರ್ಧ ಲೀಟರ್ ಕರುನ ಹೊಟ್ಟೇಲಿದೆ. ಅಳೀಬೇಕು ಅಂದ್ರೆ ಕರುನೇ ಅಳೀರಿ.”

ಅವನು ಅಳತೆಯ ಪಾತ್ರೆ ಕೆಳಗಿಟ್ಟು ಬಾಗಿಲಿಗೆ ಹೋಗುತ್ತಾನೆ. ವ್ಯಾನಿನ ಹಾರ್ನ್ ಕೇಳುತ್ತದೆ. “ಇದೊಂದು ಸರಿ ಮಾರಾಯ್ತಿ. ಇನ್ನೆರಡಕ್ಕೆ?”

“ಒಂದೊಂದಕ್ಕೆ ಹತ್ತತ್ತು ದಿನ.”

“ಆಯ್ತು, ಮಾಡು” ಎನ್ನುತ್ತಾನೆ. ಮಾಡಿದ್ದಕ್ಕೊಂದು ಒಳ್ಳೆಯ ಮಾತಿಲ್ಲ, ನಕ್ಕಿದ್ದಕ್ಕೊಂದು ಬೇಸರವಿಲ್ಲ. ಹುಚ್ಚಮ್ಮ ಅದಕ್ಕೆ ಕಾಯುವುದೂ ಇಲ್ಲ. ಬಕೆಟ್ಟು ತೊಳೆದುಕೊಂಡು, ಕರು ಸತ್ತ ಎಮ್ಮೆಯ ಮೂತಿಯ ಮುಂದೆ ಅಂಗೈ ಹಿಡಿಯುತ್ತಾರೆ. ಅದು ಮೂಸದೆ ಹಿಂದಕ್ಕೆ ಜಗ್ಗಿ, ವಿಜಯೇಂದ್ರ ನಿಂತ ಬಾಗಿಲ ಕಡೆ ಕಣ್ಣು ಬಿಡುತ್ತದೆ.

“ನೀವು ಆಚೆ ನಿಂತ್ಕಳಿ ಅಪ್ಪಾ” ಎನ್ನುತ್ತಾರೆ ಹುಚ್ಚಮ್ಮ, ತಿರುಗದೆಯೇ. “ಚುಚ್ಚಿದ ಕೈ ವಾಸ್ನೆ ಇದಕ್ಕೆ ಗೊತ್ತು.”

ಉತ್ತಮ ಹೈನುಗಾರ ತನ್ನ ಕೊಟ್ಟಿಗೆಯಿಂದ ತಾನೇ ಆಚೆ ಹೋಗಿ ನಿಲ್ಲುತ್ತಾನೆ.