ಎರಡು ಗಣ್ಣಿನ ಹುಲ್ಲು

ವಾಶಿಯ ನಮ್ಮ ಹೌಸಿಂಗ್ ಸೊಸೈಟಿಯ ಮಾಲಿ ಗುಲ್ಬರ್ಗ ಕಡೆಯವನು. ಲಾನಿನಲ್ಲಿ ಬೆರಳೂರಿ, ಎರಡು ಗಣ್ಣು ಅಳೆದು, ಹುಲ್ಲು ಕತ್ತರಿಸುವ ಮಶೀನಿನ ಬ್ಲೇಡನ್ನು ಅಷ್ಟೇ ಎತ್ತರಕ್ಕೆ ಇಡುತ್ತಿದ್ದ. "ಇಷ್ಟರೆ ಇರ್ಲಿ ಸಾಹೇಬ್ರ, ಬುಡಕ್ಕ ನೆರಳ ಬೇಕ್ರಿ" ಅನ್ನುತ್ತಿದ್ದ. ಕೊನೆಗೆ ಪ್ಲಗ್ ಕಿತ್ತು, ಯಾರೂ ಚಾಲೂ ಮಾಡದಂತೆ ತೊಡೆಯಡಿ ಇಟ್ಟುಕೊಂಡು, ಮಶೀನು ಮಗುಚಿ, ಒಳಗೆ ಮೆತ್ತಿದ ಹಸಿ ಹುಲ್ಲನ್ನು ಖುರ್ಪಿಯಿಂದ ಕೆರೆಯುತ್ತಿದ್ದ.

ಆಗ ಸೆಕ್ರೆಟರಿ ನಾನೇ. ಒಂದು ಮೇ ತಿಂಗಳಲ್ಲಿ, ಪದೇಪದೇ ಕತ್ತರಿಸುವ ರಗಳೆ ಬೇಡವೆಂದು, ಬುಡಮಟ್ಟ ಹೊಡೆಸಿದೆ. ಅವನು ಬೆರಳಿನ ಎರಡು ಗಣ್ಣು ತೋರಿಸಿದರೂ ಕೇಳಲಿಲ್ಲ. ವಾರದಲ್ಲಿ ಲಾನು ಸುಟ್ಟು ಹಳದಿಯಾಯಿತು.

ಮೀಟಿಂಗಿನಲ್ಲಿ ಎಲ್ಲರೂ ಅವನನ್ನು ಎದುರು ನಿಲ್ಲಿಸಿ, ಅಕಲ್ ಇಲ್ಲದವನೆಂದು ಬೈದರು. ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಮಿನಿಟ್ಸ್ ಬರೆಯುತ್ತಿದ್ದೆ.

ಮಳೆಗೆ ಹುಲ್ಲು ಮತ್ತೆ ಚಿಗುರಿತು. ಅವನು ಬೆರಳೂರಲಿಲ್ಲ. "ಎಷ್ಟು ಬಿಡ್ಲಿರಿ ಸಾಹೇಬ್ರ?" ಎಂದು ನನ್ನನ್ನೇ ಕೇಳಿದ.