ನನ್ನ ಮಗಳು ಕೇಳಿ ಬೆಳೆದ ದನಿ

ಈಗಲೂ ಅಪರೂಪಕ್ಕೆ ಯಾರಾದರೂ ಸಂದರ್ಶನ ಬೇಕೆಂದು ಬರುತ್ತಾರೆ. ಕಾಫಿ ಕುಡಿದು, ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನೋಡಿ, "ಮೇಡಂ, ನಿಮ್ಮ ಆ ಮುದ್ದಾದ ದನಿ ನಮ್ಮ ಕಿವಿಯಲ್ಲಿ ಇನ್ನೂ ಹಾಗೇ ಇದೆ" ಎಂದು ಶುರು ಮಾಡುತ್ತಾರೆ. ಅರ್ಧ ಗಂಟೆಯಿಂದ ಎದುರಿಗೇ ಕೂತು ನನ್ನ ಒರಟು ಗಂಟಲನ್ನು ಕೇಳುತ್ತಿರುವವರು ಹೀಗೆ ಹೇಳಿದರೆ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ನಾಯಕಿಯಾಗಿ ನಟಿಸಿದ ಯಾವ ಚಿತ್ರದಲ್ಲೂ ನನ್ನ ದನಿ ಇಲ್ಲ. ಮುಖ ನನ್ನದು, ಕಣ್ಣೀರು ನನ್ನದು, ಮಾತು ಇನ್ನೊಬ್ಬರದು. ಅದನ್ನು ಹೇಳಿದರೆ ಅವರು ಬರೆದುಕೊಳ್ಳುವುದಿಲ್ಲ. "ಪ್ರೀತಿ, ಸಂಸಾರದ ಬಗ್ಗೆ ಹೇಳಿ" ಎನ್ನುತ್ತಾರೆ. ಅದನ್ನೇ ಹೇಳುತ್ತಿದ್ದೆನಲ್ಲ, ಪುಣ್ಯಾತ್ಮರೇ.

ನಾನು ಮಾಗಡಿ ಕಡೆಯವಳು. ಕೆಂಪೇಗೌಡರ ಸಮಾಧಿಯಿರುವ ಕೆಂಪಾಪುರದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ನಮ್ಮೂರು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋದರು. ಅವ್ವ ರಾಗಿ ಹೊಲವನ್ನೂ ಮನೆಯ ಹಿಂದಿನ ತೆಂಗಿನ ಮರಗಳನ್ನೂ ನಂಬಿ ನನ್ನನ್ನು ಸಾಕಿದಳು. ರಾಮನಗರದಲ್ಲಿ ಕಾಲೇಜಿಗೆ ಸೇರಿದ ವರ್ಷ, ಬಂಡೆಗಳ ಹತ್ತಿರ ಶೂಟಿಂಗ್ ನಡೆಯುತ್ತಿದೆಯೆಂದು ಗೆಳತಿಯರ ಜೊತೆ ನೋಡಲು ಹೋಗಿದ್ದೆ. ನಿರ್ದೇಶಕರೊಬ್ಬರು ಗುಂಪಿನಿಂದ ನನ್ನನ್ನು ಕರೆದು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರು. ಎರಡು ವರ್ಷದೊಳಗೆ ನಾನು ನಾಯಕಿಯಾಗಿದ್ದೆ.

ಮೊದಲ ಚಿತ್ರದ ಡಬ್ಬಿಂಗ್ ದಿನ ಕತ್ತಲೆಯ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಿಲ್ಲಿಸಿದರು. "ನಾನು ಬರುತ್ತೇನೆ, ಕಾಯುತ್ತಿರು" ಎನ್ನಬೇಕಿತ್ತು. ಎಂಟು ಸಲ ಹೇಳಿದರೂ ನನ್ನ ಬಾಯಿಂದ "ಬತ್ತೀನಿ, ಕಾಯ್ತಿರು" ಎಂದೇ ಬಂತು. ಸೌಂಡ್ ಇಂಜಿನಿಯರ್ ನಕ್ಕ. ನಿರ್ದೇಶಕರು ನಗಲಿಲ್ಲ, ಫೋನ್ ಮಾಡಿದರು. ಮಾರನೆಯ ದಿನ ಚನ್ನಪಟ್ಟಣದಿಂದ ಒಬ್ಬ ಹೆಂಗಸು ಬಂದರು.

ಬೊಂಬೆ ಮಾಡುವ ಮುಸ್ಲಿಂ ಮನೆತನದವರು. ಗಂಡ ಮರ ಕಡೆಯುವ ಯಂತ್ರದ ಮುಂದೆ ಕೂರುತ್ತಿದ್ದರು, ಇವರು ರೇಡಿಯೋ ನಾಟಕಗಳಿಂದ ಡಬ್ಬಿಂಗಿಗೆ ಬಂದವರು. ಮನೆಯಲ್ಲಿ ಉರ್ದು ಆಡುತ್ತಿದ್ದವರು ಕನ್ನಡವನ್ನು ಶಾಲೆಯ ಪುಸ್ತಕದಿಂದ ಕಲಿತಿದ್ದರು; ಹಾಗಾಗಿ ಅವರ ಕನ್ನಡದಲ್ಲಿ ಒಂದಕ್ಷರವೂ ಸವೆದಿರಲಿಲ್ಲ. ನನಗಿಂತ ಆರೇಳು ವರ್ಷ ದೊಡ್ಡವರು, ಮಕ್ಕಳಿರಲಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ. ನನ್ನ ತುಟಿ ನೋಡಿಕೊಂಡು ಅವರು ಮಾತಾಡುವಾಗ ನಾನು ಹೊರಗೆ ಕೂತು ಕೇಳುತ್ತಿದ್ದೆ. ನಾನು ಅಷ್ಟು ಒಳ್ಳೆಯವಳಲ್ಲ, ಆದರೆ ಆ ದನಿಯಲ್ಲಿ ಒಳ್ಳೆಯವಳಾಗಿ ಕೇಳಿಸುತ್ತಿದ್ದೆ.

ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಕ್ಯಾಮೆರಾ ವಿಭಾಗದಲ್ಲಿ ಫೋಕಸ್ ನೋಡಿಕೊಳ್ಳುತ್ತಿದ್ದ ಕನಕಪುರದ ಹುಡುಗ. ಕ್ಯಾಮೆರಾದಿಂದ ನನ್ನ ಮೂಗಿನವರೆಗೆ ಟೇಪು ಹಿಡಿದು ಅಳೆಯುವುದು ಅವನ ಕೆಲಸ. ದಿನಕ್ಕೆ ಇಪ್ಪತ್ತು ಸಲ ಹಾಗೆ ಹತ್ತಿರ ಬಂದರೆ ಯಾರಿಗಾದರೂ ಏನಾದರೂ ಆಗಿಯೇ ಆಗುತ್ತದೆ. ಕನಕಪುರದ ಹತ್ತಿರದ ಚಿಕ್ಕ ಗುಡಿಯೊಂದರಲ್ಲಿ ಮದುವೆಯಾದೆವು. ಯಾರಿಗೂ ಹೇಳಲಿಲ್ಲ. ಮದುವೆಯಾದ ನಾಯಕಿಗೆ ಮಾರ್ಕೆಟ್ ಇಲ್ಲ ಎಂದು ನಿರ್ಮಾಪಕರು ಹೇಳುತ್ತಿದ್ದ ಕಾಲ. ಹೇಳುತ್ತಿದ್ದರು ಎಂದು ಅವರ ತಲೆಗೆ ಕಟ್ಟುವುದೇಕೆ, ನಾನೂ ನಂಬಿದ್ದೆ. ಹೊಟ್ಟೆಯಲ್ಲಿ ಮಗು ನಿಂತಾಗ ಕಾಮಾಲೆ ಎಂದು ಪತ್ರಿಕೆಗೆ ಹೇಳಿಸಿದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಗಳು ಹುಟ್ಟಿದಳು. ನಾಲ್ಕು ತಿಂಗಳು ಹಾಲು ಕುಡಿಸಿ, ಅವ್ವನ ಮಡಿಲಲ್ಲಿ ಬಿಟ್ಟು, ಮುಂದಿನ ಚಿತ್ರದ ಮುಹೂರ್ತಕ್ಕೆ ಹೋದೆ. ಊರಿನವರಿಗೆ ದೂರದ ನೆಂಟರ ಮಗು ಎಂದು ಅವ್ವ ಹೇಳಿದಳು. ಊರಿನವರೇನು ದಡ್ಡರಲ್ಲ, ಆದರೆ ಅವ್ವನ ಮುಖ ನೋಡಿ ಸುಮ್ಮನಿದ್ದರು.

ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ. ಅವ್ವನ ಮನೆಗೆ ಟಿವಿಯನ್ನೂ ಫೋನನ್ನೂ ಹಾಕಿಸಿದ್ದೆ. ಭಾನುವಾರ ನನ್ನ ಸಿನಿಮಾ ಬಂದರೆ ಅವ್ವ ಬಾಗಿಲು ಮುಂದೆ ಮಾಡಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡ್ ಮಗಾ, ಅಲ್ಲವ್ಳೆ ನಿಮ್ಮವ್ವ" ಎಂದು ತೋರಿಸುತ್ತಿದ್ದಳು. ನಾನು ಎತ್ತಿಕೊಂಡ ದಿನಗಳಿಗಿಂತ ಟಿವಿಯಲ್ಲಿ ಬಂದ ದಿನಗಳೇ ಹೆಚ್ಚು. ಮೂರು ವರ್ಷ ತುಂಬುವ ಹೊತ್ತಿಗೆ ಒಮ್ಮೆ ಹೋದೆ. ಮಗಳು ಓಡಿ ಬಂದು ಕಾಲು ತಬ್ಬಿಕೊಂಡಳು. ನಾನು ಎತ್ತಿಕೊಂಡು, "ಬಾ ನನ್ನವ್ವ, ಏನ್ ಉಂಡೆ ಬಂಗಾರಿ?" ಎಂದೆ. ಅವಳ ಮೈ ಬಿಗಿಯಾಯಿತು. ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಅಜ್ಜಿಯ ಕಡೆ ಕೈ ಚಾಚಿ ಚೀರಿದಳು.

"ಇವ್ಳು ಅಮ್ಮ ಅಲ್ಲ! ಅಮ್ಮ ಹಿಂಗೆ ಮಾತಾಡಕಿಲ್ಲ!"

ಅವ್ವ ಎಷ್ಟು ಸಮಾಧಾನ ಮಾಡಿದರೂ ಹತ್ತಿರ ಬರಲಿಲ್ಲ. ಅವ್ವನಿಗೆ ನಗು. ನಾನು ಅವತ್ತೇ ಹೊರಟುಬಂದೆ.

ಆ ವಾರ ಡಬ್ಬಿಂಗ್ ಥಿಯೇಟರಿನಲ್ಲಿ ಊಟದ ಬಿಡುವಿನಲ್ಲಿ ಅಕ್ಕನಿಗೆ ಹೇಳಿಕೊಂಡು ಅತ್ತೆ. ಆಮೇಲೆ ನಾನೇ ಹೇಳಿದೆ, ಇದನ್ನು ಅಕ್ಕನ ಮೇಲೆ ಹಾಕುವುದಿಲ್ಲ: "ಅಕ್ಕ, ಒಂದೇ ಒಂದ್ಸಲ ಫೋನಲ್ಲಿ ಅವಳ ಹತ್ರ ಮಾತಾಡಿ." ಅಕ್ಕ ಬೇಡವೆಂದರು. ಮಗುವಿಗೆ ಸುಳ್ಳು ಹೇಳಬಾರದು ಎಂದರು. ನಾನು ಕೈ ಹಿಡಿದುಕೊಂಡೆ. ಅವರು ಮೈಕಿನ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತು ರಿಸೀವರ್ ತೆಗೆದುಕೊಂಡರು.

"ಕಂದ, ಊಟ ಮಾಡಿದೆಯಾ?"

ಆ ಕಡೆಯ ನಗು ನನಗೂ ಕೇಳಿಸಿತು. ಅರ್ಧ ಗಂಟೆ ಮಾತಾಡಿದಳು. ಕರು ಹಾಕಿದ ಎಮ್ಮೆ, ಅಜ್ಜಿ ಬೈದದ್ದು, ಕಾಲಿಗೆ ಮುಳ್ಳು ಚುಚ್ಚಿದ್ದು. ನನಗೆ ಹೇಳಬೇಕಾದದ್ದನ್ನೆಲ್ಲ ನನ್ನ ಪಕ್ಕದಲ್ಲಿದ್ದವರಿಗೆ ಹೇಳಿದಳು.

ಡಬ್ಬಿಂಗಿನವರಷ್ಟೇ ಮಾಡಬಹುದಾದ ತಪ್ಪು ಅದು. ನಮಗೆ ಒಬ್ಬರ ಮುಖಕ್ಕೆ ಇನ್ನೊಬ್ಬರ ದನಿ ಕೂರಿಸುವುದು ದಿನದ ಕೆಲಸ, ಅದರಲ್ಲಿ ಮೋಸ ಕಾಣಿಸುವುದಿಲ್ಲ. ಒಂದು ಸಲ ಎಂದದ್ದು ವಾರಕ್ಕೊಂದು ಸಲವಾಯಿತು. ಮೊದಮೊದಲು ನಾನು ಪಕ್ಕದಲ್ಲಿ ನಿಂತು ಏನು ಕೇಳಬೇಕೆಂದು ಹೇಳಿಕೊಡುತ್ತಿದ್ದೆ. ಹೊರಾಂಗಣ ಚಿತ್ರೀಕರಣಕ್ಕೆ ಹೋದಾಗ ಅಕ್ಕ ಚನ್ನಪಟ್ಟಣದಿಂದ ತಾವೇ ಮಾಡತೊಡಗಿದರು. ಕೊನೆಗೆ ಅವರ ನಂಬರನ್ನೇ ಅವ್ವನ ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿದೆ. ಮಗಳು ಅಂಕಿಗಳನ್ನು ಕಲಿತದ್ದು ಆ ನಂಬರಿನಿಂದ.

ಊರಿಗೆ ಹೋದಾಗ ಏನು ಮಾಡುತ್ತಿದ್ದೆ? ಗಂಟಲು ಕಟ್ಟಿದೆ ಎನ್ನುತ್ತಿದ್ದೆ. ಎನ್ನುವುದೂ ಇಲ್ಲ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೈಸನ್ನೆ ಮಾಡುತ್ತಿದ್ದೆ, ತೀರಾ ಬೇಕಾದರೆ ಪಿಸುಗುಟ್ಟುತ್ತಿದ್ದೆ. ಪಿಸುಮಾತಿನಲ್ಲಿ ಎಲ್ಲರ ದನಿಯೂ ಒಂದೇ. ಮಗಳು ಅಜ್ಜಿಯಿಂದ ಮೆಣಸಿನ ಕಷಾಯ ಮಾಡಿಸಿ, ಚೆಲ್ಲದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದಳು. "ಮಾತಾಡ್ಬೇಡಮ್ಮ, ನೋವಾಯ್ತದೆ" ಎಂದು ನನ್ನ ಬಾಯಿಯ ಮೇಲೆ ಬೆರಳಿಡುತ್ತಿದ್ದಳು. ನಾನು ಕಷಾಯ ಕುಡಿಯುತ್ತಿದ್ದೆ, ಅವಳು ತೊಡೆಯ ಮೇಲೆ ಮಲಗುತ್ತಿದ್ದಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಸುಖದ ಗಳಿಗೆಗಳು ಬೇರೆ ಇಲ್ಲ.

ಅವ್ವನಿಗೆ ಇದು ಹಿಡಿಸಲಿಲ್ಲ. "ಲೇ, ಮಗೀನ್ ಮುಂದೆ ಮೂಗಿ ಆಟ ಆಡ್ತಿದ್ದೀಯಲ್ಲ, ಒಂದಿನ ಬಾಯಿ ಬುಡ್ಲೇಬೇಕಲ್ವಾ?" ಎಂದಳು. ಈ ಚಿತ್ರ ಮುಗಿಯಲಿ ಎಂದೆ. ಪ್ರತಿ ಸಲವೂ ಅದನ್ನೇ ಹೇಳಿದೆ.

ಗಂಡನೂ ಕೇಳಿದ, ಬೇರೆ ರೀತಿಯಲ್ಲಿ. ಅಷ್ಟು ಹೊತ್ತಿಗೆ ಅವನಿಗೆ ಸಿನಿಮಾ ಸಾಕಾಗಿತ್ತು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಹೊಲವಿದ್ದಲ್ಲಿ ಕಾಂಪೌಂಡ್, ಬೆಳಿಗ್ಗೆ ಎದ್ದರೆ ಶಿಫ್ಟ್ ಬಸ್ಸು. ಅಂಥದ್ದೊಂದು ಕಾರ್ಖಾನೆಗೆ ಸೇರಿ, ಹತ್ತಿರದಲ್ಲೇ ಎರಡು ಕೋಣೆಯ ಮನೆ ಹಿಡಿದು, "ಮಗು ಕರ್ಕೊಂಡು ಬಂದ್ಬುಡು, ಮೂರು ಜನ ಇರಾನ" ಎಂದ. ಅವತ್ತು ಬೈರಮಂಗಲದ ಕೆರೆಯ ದಂಡೆಯಲ್ಲಿ ನನ್ನದೊಂದು ಹಾಡಿನ ಚಿತ್ರೀಕರಣವಿತ್ತು. ಕೆರೆಯ ತುಂಬ ಬೆಂಗಳೂರಿನ ಕೊಳಚೆಯ ನೊರೆ, ತಡೆಯಲಾರದ ನಾತ. ಶಾಟ್ ಮುಗಿದ ಕೂಡಲೇ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ತೆರೆಯ ಮೇಲೆ ನಾನು ಆ ನೀರನ್ನು ನೋಡಿ ನಗುತ್ತಿದ್ದೇನೆ. ಇನ್ನೊಂದು ವರ್ಷ ಎಂದೆ ಅವನಿಗೆ. ಅವನು ಇನ್ನೊಂದು ವರ್ಷ ಕಾಯ್ದ, ಆಮೇಲೆ ಕಾಯಲಿಲ್ಲ. ಜಗಳವೂ ಆಗಲಿಲ್ಲ. ಬರುವುದನ್ನು ನಿಲ್ಲಿಸಿದ, ಅಷ್ಟೇ.

ಮಗಳಿಗೆ ಆರು ತುಂಬುವ ಮೊದಲು ಅವ್ವ ಹೋಗಿಬಿಟ್ಟಳು. ಬೆಳಿಗ್ಗೆ ಎಮ್ಮೆಗೆ ಹುಲ್ಲು ಹಾಕಿ ಬಂದು ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲವಂತೆ. ನಾನು ಬೆಂಗಳೂರಿನ ಸೆಟ್ಟಿನಿಂದ ಮುಖದ ಬಣ್ಣವನ್ನೂ ತೊಳೆಯದೆ ಹೊರಟೆ. ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಕಣ್ಣೊರೆಸಿಕೊಳ್ಳುವುದಿಲ್ಲ. ಸತ್ತವರನ್ನು ಕರೆದು, ಅವರು ಉಣ್ಣಿಸಿದ್ದು, ಬೈದದ್ದು, ಪಟ್ಟ ಕಷ್ಟ ಎಲ್ಲವನ್ನೂ ಹೇಳಿ ಹೇಳಿ, ರಾಗವಾಗಿ ಅಳಬೇಕು. ಹೆತ್ತ ಮಗಳು ಹಾಗೆ ಅಳದಿದ್ದರೆ ಸತ್ತವಳಿಗೆ ಯಾರೂ ಇರಲಿಲ್ಲವೆಂದು ಅರ್ಥ. ನಾನೇನೂ ಯೋಚಿಸಲಿಲ್ಲ. ಅವ್ವನ ಕಾಲ ಮೇಲೆ ಬಿದ್ದೆ, ಗಂಟಲು ತಾನಾಗಿಯೇ ಬಿಚ್ಚಿಕೊಂಡಿತು.

"ಅಯ್ಯೋ ನನ್ನವ್ವಾ, ನನ್ನೊಬ್ಬಳ್ನೇ ಬುಟ್ಟು ಹೊಂಟೋದ್ಯಲ್ಲವ್ವಾ... ನನ್ ಕೂಸಿಗೆ ಯಾರವ್ವಾ ದಿಕ್ಕು... ಒಂದಿನಾನೂ ನಿನ್ನ ಕೂರ್ಸಿ ಉಣ್ಣಕ್ಕಿಕ್ಲಿಲ್ವಲ್ಲವ್ವಾ..."

ಮೂರು ವರ್ಷ ಮಡಚಿಟ್ಟಿದ್ದ ದನಿ ಅದು, ಬೀದಿಯ ಕೊನೆಯವರೆಗೂ ಹೋಯಿತು. ತಲೆ ಎತ್ತಿದಾಗ ಮಗಳು ಎದುರಿಗೆ ನಿಂತಿದ್ದಳು. ಮೂರು ವರ್ಷದವಳಾಗಿದ್ದಾಗ ನೋಡಿದಂತೆಯೇ ನನ್ನ ಬಾಯಿಯನ್ನು ನೋಡುತ್ತಿದ್ದಳು. ಕೈ ಚಾಚಿದೆ. ಅವಳು ಹಿಂದೆ ಹಿಂದೆ ಹೆಜ್ಜೆ ಇಟ್ಟು ಮನೆಯೊಳಗೆ ಹೋದಳು. ಹೆಂಗಸರು ನನ್ನನ್ನು ಹಿಡಿದುಕೊಂಡಿದ್ದರು, ನಾನು ಏಳಲಿಲ್ಲ.

ಒಳಗೆ ಅವಳು ಏನು ಮಾಡಿದಳೆಂಬುದನ್ನು ಅಕ್ಕ ಆಮೇಲೆ ಒಂದೇ ಒಂದು ಸಲ ಹೇಳಿದರು. ಸ್ಟೂಲಿನ ಮೇಲೆ ಹತ್ತಿ ಫೋನ್ ಮಾಡಿದ್ದಳಂತೆ. "ಅಮ್ಮ, ಅಜ್ಜಿ ಸತ್ತೋಗ್ಬುಟ್ಲು. ನಿನ್ನಂಗೇ ಇರೋಳು ಯಾರೋ ಬಂದು ಅಳ್ತಾವ್ಳೆ. ನಂಗೆ ಭಯ ಆಯ್ತದೆ. ನೀನ್ ಬಂದ್ಬುಡು." ಅಕ್ಕ, "ಈಗಲೇ ಹೊರಟೆ ಕಂದ, ಬರುತ್ತೇನೆ" ಎಂದರಂತೆ. ಬೇರೇನು ಹೇಳಬಹುದಿತ್ತು?

ಚನ್ನಪಟ್ಟಣದಿಂದ ರಾಮನಗರ, ರಾಮನಗರದಿಂದ ಮಾಗಡಿ, ಮಾಗಡಿಯಿಂದ ನಮ್ಮೂರು. ಮೂರು ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಚಟ್ಟ ಕಟ್ಟುತ್ತಿದ್ದರು. ಮಗಳು ಅಷ್ಟು ಹೊತ್ತೂ ಬೀದಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂತಿದ್ದಳು. ಬಂದವರು ಕರೆದರೂ ಕದಲಲಿಲ್ಲ. ಅಕ್ಕ ತಲೆಯ ಮೇಲೆ ಸೆರಗು ಹೊದ್ದು, ಬಿಸಿಲಿನಲ್ಲಿ ಬೆವರಿಕೊಂಡು ಬಂದು ಅವಳೆದುರಿಗೇ ನಿಂತರು. ಅವಳು ಆ ಮುಖವನ್ನು ಯಾವತ್ತೂ ನೋಡಿರಲಿಲ್ಲ.

"ನೀವ್ಯಾರು?" ಎಂದು ಕೇಳಿದಳು.

ಅಕ್ಕ ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ಒಂದು ಮಾತು, "ಕಂದ" ಎಂಬ ಒಂದೇ ಒಂದು ಮಾತು ಸಾಕಿತ್ತು, ನನ್ನ ಮಗಳು ಅವರ ಕೊರಳಿಗೆ ಬೀಳುತ್ತಿದ್ದಳು, ಇಡೀ ಊರಿನ ಮುಂದೆ, ನನ್ನ ಸತ್ತ ತಾಯಿಯ ಮುಂದೆ. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಬೇಡಿಕೊಂಡಂತೆ ಅಲ್ಲ, ಗದರಿಸಿದಂತೆ.

ಅಕ್ಕ ಬಾಯಿ ಮುಚ್ಚಿಕೊಂಡರು. ಮಗಳ ತಲೆಯ ಮೇಲೆ ಕೈಯಿಟ್ಟರು. ಮಗಳು ಆ ಕೈಯನ್ನು ಪಕ್ಕಕ್ಕೆ ಸರಿಸಿ, ಅವರ ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ಬಾಗಿ ನೋಡಿದಳು. ಅಕ್ಕ ಬಂದ ದಾರಿಯಲ್ಲೇ ವಾಪಸು ನಡೆದರು.

ಅವ್ವನ ಹನ್ನೊಂದನೆಯ ದಿನದ ಕಾರ್ಯವಾದ ಮೇಲೆ ಚನ್ನಪಟ್ಟಣಕ್ಕೆ ಹೋಗಿ ಅಕ್ಕನನ್ನು ಕಂಡೆ. ಫೋನಿನ ವಿಷಯ ಹೇಳಿದ್ದು ಆಗ. "ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ" ಎಂದರು. ನಂಬರ್ ಬದಲಿಸಿದರು, ನನ್ನ ಚಿತ್ರಗಳಿಗೆ ಮತ್ತೆ ದನಿ ಕೊಡಲಿಲ್ಲ. ನನಗೂ ಚಿತ್ರಗಳು ಹೆಚ್ಚು ಉಳಿದಿರಲಿಲ್ಲ. ಮಗಳನ್ನು ಕರೆದುಕೊಂಡು ರಾಮನಗರದಲ್ಲಿ ಮನೆ ಮಾಡಿದೆ. ಒಂದೆರಡು ವರ್ಷ ಅವಳು ನನ್ನ ಜೊತೆ ತೀರಾ ಬೇಕಾದಷ್ಟೇ ಮಾತಾಡಿದಳು. ಹತ್ತು ವರ್ಷವಾದಾಗ ಕೂರಿಸಿಕೊಂಡು ಎಲ್ಲ ಹೇಳಿದೆ: ಡಬ್ಬಿಂಗ್, ಫೋನು, ಮಫ್ಲರು. ಎಲ್ಲ ಎಂದೆ, ಎಲ್ಲವನ್ನೂ ಹೇಳಲಿಲ್ಲ. ನಿಧಾನವಾಗಿ ಸರಿಹೋದಳು. ಈಗ ನನ್ನ ಒರಟು ದನಿಯನ್ನು ಅಣಕಿಸಿ ನಗುತ್ತಾಳೆ, ನನಗದು ಇಷ್ಟ.

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಮಗಳಿಗೆ ತೋರಿಸಿದೆ. ಊಟಕ್ಕೆ ಕೂತಿದ್ದಳು. ಓದಿ ಪತ್ರಿಕೆ ಮಡಚಿಟ್ಟಳು.

"ಹೋಗಿ ಬರೋಣವಾ?" ಎಂದೆ.

"ನಾನು ಬರಲ್ಲಮ್ಮ. ನೀನು ಮೋಸ ಮಾಡ್ದೆ, ಆದ್ರೆ ನೀನು ಅಲ್ಲಿದ್ದೆ. ಅವ್ರು ಈಗ್ಲೇ ಹೊರಟೆ ಅಂದ್ರು. ಕತ್ತಲಾಗೋವರ್ಗೂ ಜಗ್ಲಿ ಮೇಲೆ ಕೂತಿದ್ದೆ. ನಿನ್ನ ಯಾವತ್ತೋ ಕ್ಷಮಿಸ್ಬುಟ್ಟೆ. ಅವರನ್ನ ಮಾತ್ರ ಆಗ್ಲಿಲ್ಲ. ಅವ್ರು ಬರ್ಲೇ ಇಲ್ವಲ್ಲ?"

ನನ್ನ ಕಡೆ ನೋಡಿದಳು. ನಿಜವಾಗಿಯೂ ಕೇಳುತ್ತಿದ್ದಳು.

"ಇಲ್ಲ, ಬರಲಿಲ್ಲ" ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.