ರೇಡಿಯೋದ ಗೊರಗೊರಕ್ಕೆ ಹುಣಸೆಹಣ್ಣು

ತಂಗಿ ಮೈಸೂರಿನ ರೇಡಿಯೋದಲ್ಲಿ ಹಾಡುತ್ತಾಳೆಂದು ಭಾವನ ಕಾಗದ ಬಂದಾಗ ಕೊಪ್ಪದ ನಮ್ಮ ಮನೆಯಲ್ಲಿ ಕುಣಿದವನು ನಾನೊಬ್ಬನೇ. ಅಮ್ಮ ಕಾಗದವನ್ನು ಎರಡೆರಡು ಸಲ ಓದಿಸಿಕೊಂಡು ಮುಖ ಊದಿಸಿದಳು.

"ಯಾವಾಗ ನೋಡಿದ್ರೂ 'ನಾವೆಲ್ಲ ಕ್ಷೇಮ'. ಬರೆಯೋದು ಗಂಡ ಅಲ್ವನಾ? ಅವಳ ದನಿ ಒಂದ್ಸಲ ಕೇಳಿದ್ರೆ ನಂಗೆ ಗೊತ್ತಾಗ್ತದೆ, ಕ್ಷೇಮವೋ ಅಲ್ವೋ ಅಂತ."

ಹಿಂದಿನ ವರ್ಷ ತಂಗಿಗೆ ಗರ್ಭ ನಿಲ್ಲದೆ ಹೋದಾಗಲೂ ಕಾಗದದಲ್ಲಿ ಕ್ಷೇಮವೇ ಇತ್ತು. ಎಲ್ಲ ಮುಗಿದ ಮೇಲೆ ಅಮ್ಮನಿಗೆ ತಿಳಿದದ್ದು. ಆ ಸಂಕಟ ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

ಮನೆಯಲ್ಲಿ ರೇಡಿಯೋ ಇತ್ತು, ಆದರೆ ಮೂಕ. ಯುದ್ಧದ ದಿನಗಳು, ಅದಕ್ಕೆ ಹಾಕುವ ಒಣ ಬ್ಯಾಟರಿ ಎಲ್ಲೂ ಸಿಗುತ್ತಿರಲಿಲ್ಲ. ನಾನೋ ಬಸ್ ಷೆಡ್ಡಿನಲ್ಲಿ ದೀಪ, ಹಾರ್ನು ರಿಪೇರಿ ಮಾಡುವವನು. ರಾತ್ರಿ ಊರಲ್ಲೇ ನಿಲ್ಲುವ ಬಸ್ಸಿನ ಬ್ಯಾಟರಿಯಿಂದ ಯಾಕಾಗಬಾರದು ಎಂಬ ಹುಳ ತಲೆಗೆ ಹೊಕ್ಕಿತು. ಆ ಬ್ಯಾಟರಿಯ ವೋಲ್ಟು ಸಾಲದು, ಏರಿಸಬೇಕು. ಹಳೆಯ ಕರೆಗಂಟೆಯ ನಡುಗುವ ತಗಡಿನಿಂದ ಕರೆಂಟನ್ನು ಕಡಿದು ಕಡಿದು ಬಿಟ್ಟು, ಕೈಯಲ್ಲೇ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಕೊಟ್ಟೆ; ಹಿಂದೆ ಮುಂದೆ ಹರಿಯುವ ಆ ಕರೆಂಟನ್ನು ಮತ್ತೆ ಒಂದೇ ದಿಕ್ಕಿಗೆ ತರಲು ರೇಡಿಯೋದ ಗಾಜಿನ ವಾಲ್ವು ಒಂದು. ರೇಡಿಯೋಗೆ ಜೀವ ಬಂತು! ಜೊತೆಗೆ ಹಾಡನ್ನೆಲ್ಲ ನುಂಗುವ ಗೊರಗೊರ ಸದ್ದೂ ಬಂತು.

ತಗಡಿನದೇ ಸದ್ದಿರಬೇಕೆಂದು ಅದಕ್ಕೆ ಸೈಕಲ್ ಟ್ಯೂಬಿನ ಮೆತ್ತೆ ಹಾಕಿದೆ. ತಗಡು ಸುಮ್ಮನಾಯಿತು, ರೇಡಿಯೋ ಆಗಲಿಲ್ಲ. ಓಹೋ, ಇದು ತಗಡು ಕರೆಂಟು ಕಡಿಯುವಾಗ ಹಾರುವ ಕಿಡಿಯ ಕೆಲಸ! ಅಲ್ಲಿಗೆ ಕಿಡಿ ನುಂಗುವ ಬಸ್ಸಿನ ಹಳೇ ಕಂಡೆನ್ಸರ್ ಜೋಡಿಸಿದೆ, ಸ್ವಲ್ಪ ಇಳಿಯಿತು. ದೂರ ಇಟ್ಟರೆ ಹೇಗೆಂದು ಉದ್ದ ತಂತಿ ಎಳೆದು, ರೇಡಿಯೋ ಬಿಟ್ಟು ತಗಡು-ಟ್ರಾನ್ಸ್‌ಫಾರ್ಮರಿನ ಯಂತ್ರವನ್ನಷ್ಟೇ ಕೊಟ್ಟಿಗೆಗೆ ಒಯ್ದೆ. ಅಯ್ಯೋ, ಇನ್ನೂ ಹೆಚ್ಚಿತು! ಆ ತಂತಿಯೇ ಸದ್ದನ್ನು ಹೊತ್ತು ತರುತ್ತಿತ್ತು. ನನಗೆ ಬೇಜಾರಿಗಿಂತ ಮೋಜೇ ಹೆಚ್ಚಾಯಿತು.

"ನಿಂದು ಆಟ ಮಾರಾಯ," ಎಂದಳು ಅಮ್ಮ. "ಶುಕ್ರವಾರ ಸಂಜೆ ಅವಳು ಹಾಡೋವಾಗ ನಂಗೆ ನನ್ನ ಕೂಸಿನ ದನಿ ಕೇಳ್ಬೇಕು, ಅಷ್ಟೇ."

ಕಿಡಿಯನ್ನು ಲೋಹದೊಳಗೆ ಮುಚ್ಚಿಟ್ಟು, ಆ ಲೋಹಕ್ಕೆ ಅರ್ತ್ ಕೊಟ್ಟರೆ? ತೂತಾಗಿ ಬಚ್ಚಲ ಮೂಲೆ ಸೇರಿದ್ದ ತಾಮ್ರದ ಹಂಡೆ ನೆನಪಾಯಿತು. ಅದನ್ನು ಜಗಲಿಗೆ ತಂದು ರೇಡಿಯೋ ಪಕ್ಕ ಇಟ್ಟು, ಯಂತ್ರವನ್ನು ಒಳಗಿಳಿಸಿ ತಾಮ್ರದ ಮುಚ್ಚಳ ಹಾಕಿ, ತಂತಿಗಳನ್ನು ತೂತಿನಿಂದ ಹೊರಗೆಳೆದೆ. ಹಂಡೆಗೆ ಕಟ್ಟಿದ ಇನ್ನೊಂದು ತಂತಿಯನ್ನು ಬಾವಿಕಟ್ಟೆಯ ಒದ್ದೆ ಮಣ್ಣಿನಲ್ಲಿ ಹೂತೆ. ಆದರೂ ಗೊರಗೊರ. ನನ್ನ ಬುದ್ಧಿ ಅಲ್ಲಿಗೆ ಮುಗಿಯಿತು.

ಶುಕ್ರವಾರ ಬಸ್ಸು ಓಡಲಿಲ್ಲ; ಮಧ್ಯಾಹ್ನವೇ ಅದರ ಬ್ಯಾಟರಿ ಹೊತ್ತು ಷೆಡ್ಡಿನಿಂದ ಬಂದು ನೋಡಿದರೆ ಯಂತ್ರ ನೆಲದ ಮೇಲೆ, ಹಂಡೆ ಬಾವಿಕಟ್ಟೆಯಲ್ಲಿ! ಅಮ್ಮ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು.

"ಎಂತ ಮಾಡ್ತಿದ್ದೀಯ ಅಮ್ಮ!"

"ಮಸಿ ಹಂಡೆಯನ್ನ ಜಗಲಿಗೆ ತಂದು ಇಟ್ಟಿದ್ದೀಯಲ್ಲ, ನಾಚಿಕೆ ಆಗ್ಲಿಲ್ವನಾ ನಿಂಗೆ? ನನ್ನ ಮಗಳು ಹಾಡೋ ಜಾಗ ಅದು."

ಗೊಣಗುತ್ತ ಮತ್ತೆ ಜೋಡಿಸಿದೆ. ಮುಚ್ಚಳ ಹಾಕಿದ್ದೇ ತಡ, ಸದ್ದು ಪಾತಾಳಕ್ಕಿಳಿಯಿತು. ನಾನು ಬಿಡುತ್ತೇನೆಯೇ? ಒಲೆಯ ಮಸಿ ತಂದು ಹಂಡೆಯ ಬಾಯಿಗೆ ದಪ್ಪಗೆ ಬಳಿದು ಮುಚ್ಚಿದೆ, ಗೊರಗೊರ ಹಾಜರು! ಮುಚ್ಚಳಕ್ಕೂ ಹಂಡೆಗೂ ನಡುವೆ ಮಸಿ ಕೂತು ಲೋಹ ಲೋಹವನ್ನು ಮುಟ್ಟಿರಲಿಲ್ಲ, ಅಷ್ಟೇ ಕಥೆ. ಖುಷಿಯಿಂದ ಕೂಗಿದೆ. ಅಮ್ಮ ಸೌದೆ ಹಿಡಿದು ಬಂದಳು. ಆಮೇಲೆ ಹಂಡೆ ತಿಕ್ಕಿದ್ದು ನಾನು.

ಸಂಜೆ ತಂಗಿ ಹಾಡಿದಳು. ತಂಬೂರಿಯ ಎಳೆಯೂ ಕೇಳುತ್ತಿತ್ತು. ನಾನು ಗೆದ್ದವನ ಹಾಗೆ ಅಮ್ಮನ ಕಡೆ ತಿರುಗಿದೆ. ಅಮ್ಮನ ಕಣ್ಣು ತುಂಬಿತ್ತು.

"ಆ ಸಾಲು ಒಂದೇ ಉಸಿರಲ್ಲಿ ಹೇಳ್ತಿದ್ಳು. ನಾನೇ ಕಲಿಸಿದ್ದು. ಈಗ ನಡುವೆ ಉಸಿರು ತಗೊಂಡ್ಳು, ಕೇಳ್ತನಾ?"

ನನಗೆ ಕೇಳಿರಲಿಲ್ಲ.

"ಬಸುರಿ ಕಣೋ. ಈ ಸಲವೂ ನಮಗೆ ಹೇಳ್ಲಿಲ್ಲ."

"ಉಸಿರು ಕೇಳಿದ್ರೆ ಅದೆಲ್ಲ ಗೊತ್ತಾಗ್ತದನಾ?" ಎಂದು ನಕ್ಕೆ. ಅಮ್ಮ ಆಗಲೇ ಎದ್ದು ಟ್ರಂಕು ತೆಗೆಯುತ್ತಿದ್ದಳು.

ಬೆಳಿಗ್ಗೆ ಬ್ಯಾಟರಿಯನ್ನು ಬಸ್ಸಿಗೆ ವಾಪಸ್ಸು ಕೂರಿಸಿದೆ. ಅದೇ ಬಸ್ಸಿನಲ್ಲಿ ಅಮ್ಮ ನರಸಿಂಹರಾಜಪುರಕ್ಕೆ ಹೋಗಿ, ಅಲ್ಲಿಂದ ರೈಲು ಹಿಡಿದು ಮೈಸೂರಿಗೆ ಹೊರಟಳು.

ಬಾಗಿಲು ತೆಗೆದ ತಂಗಿ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡು, "ನಿಂಗೆ ಯಾರು ಹೇಳಿದ್ರು ಅಮ್ಮ?" ಎಂದಳಂತೆ.

"ನೀನೇ," ಎಂದಳಂತೆ ಅಮ್ಮ.